ಡಿಸ್ಕೊ ಪ್ಲೇಟಿನ ಹಣೆಬರಹ

ಹಳೇ ಡಿಸ್ಕೊ ರೆಕಾರ್ಡುಗಳನ್ನ ಹುಡುಕಿ ಕೂಡಿಡುವ ಚಟ ನನಗಿದೆ ಅಂದರೆ ಜನ ಮೊದಲು ನಗುತ್ತಾರೆ. ಶಾಸ್ತ್ರೀಯ ಸಂಗೀತ ಅಂದಿದ್ದರೆ ಗೌರವ ಸಿಗುತ್ತಿತ್ತು, ಜಾಝ್ ಅಂದಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಡಿಸ್ಕೊ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರೋದು ಮಿಥುನ್ ಚಕ್ರವರ್ತಿಯ ಮಿಂಚುವ ಬಟ್ಟೆ ಮತ್ತು ಚಾವಣಿಯಲ್ಲಿ ತಿರುಗುವ ಕನ್ನಡಿ ಚೂರಿನ ಗೋಳ. ನಗಲಿ ಬಿಡಿ, ನಗೋದೂ ಈ ಚಟದ ಒಂದು ಭಾಗವೇ. ಇಂಗ್ಲಿಷಿನವರು ಇದಕ್ಕೆ ‘ಕ್ಯಾಂಪ್’ ಅಂತಾರೆ. ನಮ್ಮಲ್ಲಿ ಸರಿಯಾದ ಪದ ಇಲ್ಲದಿದ್ದರೂ ಅನುಭವಕ್ಕೇನೂ ಕೊರತೆಯಿಲ್ಲ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಸಿನಿಮಾದಲ್ಲಿ ಅಣ್ಣಾವ್ರು ಹಾಡಿದ ಆ ಇಂಗ್ಲಿಷ್ ಹಾಡನ್ನ ನೆನಪಿಸಿಕೊಳ್ಳಿ. ನಗ್ತೀವಿ, ನಗ್ತಾ ನಗ್ತಾ ಪೂರ್ತಿ ಕೇಳ್ತೀವಿ, ಆಮೇಲೆ ಇನ್ನೊಂದು ಸಲ ಹಾಕ್ತೀವಿ. ಅತಿಯಾದದ್ದನ್ನ ಒಂಚೂರೂ ನಾಚಿಕೆಯಿಲ್ಲದೆ, ಮನಸಾರೆ ಮಾಡಿದಾಗ ಹುಟ್ಟುವ ಖುಷಿ ಅದು.

ನಗು ನಿಲ್ಲೋದು ಬೆಲೆ ಕೇಳಿದಾಗ. ನಲವತ್ತು ವರ್ಷದ ಹಿಂದೆ ಯಾರಿಗೂ ಬೇಡವಾಗಿದ್ದ ಕೆಲವು ಇಂಡಿಯನ್ ಡಿಸ್ಕೊ ಎಲ್‌ಪಿಗಳು ಇವತ್ತು ವಿದೇಶದಲ್ಲಿ ನೂರಾರು ಡಾಲರಿಗೆ ಹೋಗುತ್ತವೆ. ಬೆಲೆ ಬಂದ ಕಡೆ ನಕಲಿಯೂ ಬರುತ್ತೆ. ಅಸಲಿ ಯಾವುದು, ಕಳ್ಳ ಕಾಪಿ ಯಾವುದು ಅಂತ ಕಂಡುಹಿಡಿಯೋದು ಹೇಗೆ ಅನ್ನೋದನ್ನ ಇಲ್ಲಿ ಹೇಳ್ತೀನಿ. ಆದರೆ ಅದಕ್ಕಿಂತ ಮುಖ್ಯವಾಗಿ, ಅದನ್ನ ಯಾಕೆ ಕಂಡುಹಿಡಿಯಬೇಕು ಅನ್ನೋದನ್ನ.

ಕಥೆ ನಮ್ಮೂರಿಂದಲೇ ಶುರುವಾಗುತ್ತೆ. ಬೆಂಗಳೂರಲ್ಲಿ ಹುಟ್ಟಿದ ಕೊಡವರ ಹುಡುಗ ಬಿದ್ದು ಅಪ್ಪಯ್ಯ ಇಲ್ಲಿ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಿದ್ದವರು, 1960ರ ದಶಕದಲ್ಲಿ ಲಂಡನ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಅನ್ನೋ ಗಾಯಕನ ಜೊತೆ ರೆಕಾರ್ಡಿಂಗ್ ಮುಗಿಸಿ, ಸ್ಟುಡಿಯೊ ಟೈಮಲ್ಲಿ ಉಳಿದ ಕೊನೆಯ ಹತ್ತು ನಿಮಿಷದಲ್ಲಿ, ರೆಕಾರ್ಡಿನ ಹಿಂಬದಿಗಿರಲಿ ಅಂತ ಒಂದು ಹಾಡು ಮಾಡಿದರು. ಅದೇ ‘ಕುಂಗ್ ಫು ಫೈಟಿಂಗ್’. ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೇರಿತು. ಆರು ವರ್ಷದ ನಂತರ ‘ಕುರ್ಬಾನಿ’ ಮಾಡುತ್ತಿದ್ದ ಫಿರೋಜ್ ಖಾನ್ ಒಂದು ಹಾಡು ಬೇಕು ಅಂತ ಬಿದ್ದು ಅವರನ್ನ ಕೇಳಿದರು. ಫಿರೋಜ್ ಖಾನ್ ಕೂಡ ಬೆಂಗಳೂರಲ್ಲೇ ಹುಟ್ಟಿದವರು, 2009ರಲ್ಲಿ ಇಲ್ಲೇ ಮಣ್ಣಾದವರು. ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಹುಡುಗಿ ನಾಜಿಯಾ ಹಸನ್‌ಗೆ ಆಗ ಹದಿನೈದು ವರ್ಷ. ಅವಳು ಹಾಡಿದ ‘ಆಪ್ ಜೈಸಾ ಕೋಯಿ’ 1980ರಲ್ಲಿ ದೇಶವನ್ನೇ ಕುಣಿಸಿತು. ಮರುವರ್ಷ ಅದೇ ಜೋಡಿಯ ‘ಡಿಸ್ಕೊ ದೀವಾನೆ’ ಬಂತು. ಆಮೇಲೆ ಕೇಳಬೇಕೆ? ಗರಬಾಕ್ಕೂ ಡಿಸ್ಕೊ, ಭಜನೆಗೂ ಡಿಸ್ಕೊ. ನಮ್ಮಂಥ ಬೇಟೆಗಾರರಿಗೆ ಸುಗ್ಗಿ ಅಂದರೆ ಇದೇ ಮೂರು ನಾಲ್ಕು ವರ್ಷ.

ಆ ಸುಗ್ಗಿಯಲ್ಲಿ ಬಂದು, ಬಂದದ್ದು ಯಾರಿಗೂ ಗೊತ್ತಾಗದೆ ಹೋದ ಎರಡು ರೆಕಾರ್ಡುಗಳ ಮೇಲೆ ನನ್ನ ವಾದವೆಲ್ಲ ನಿಂತಿದೆ. ಎರಡೂ 1982ರವು.

ಮೊದಲನೆಯದು ಚರಣ್‌ಜಿತ್ ಸಿಂಗ್ ಅವರ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ಹಿಂದಿ ಸಿನಿಮಾ ಹಾಡುಗಳಿಗೆ ಗಿಟಾರು ನುಡಿಸುತ್ತಿದ್ದ ಕಲಾವಿದ ಅವರು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ರೋಲಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಭೈರವ್, ಕಲಾವತಿಯಂಥ ಹತ್ತು ರಾಗಗಳನ್ನ ಡಿಸ್ಕೊ ತಾಳದ ಮೇಲೆ ಕೂರಿಸಿದರು. ಯಾರೂ ಕೊಳ್ಳಲಿಲ್ಲ. ಅದೇ ಯಂತ್ರಗಳಿಂದ ಹೆಚ್ಚುಕಡಿಮೆ ಅದೇ ಥರದ ಸದ್ದು ಅಮೆರಿಕದ ಶಿಕಾಗೊದಲ್ಲಿ ‘ಆ್ಯಸಿಡ್ ಹೌಸ್’ ಅನ್ನೋ ಹೆಸರಲ್ಲಿ ರೆಕಾರ್ಡಾಗಿ ಬಂದದ್ದು 1987ರಲ್ಲಿ.

ಎರಡನೆಯದು ರೂಪಾ ಅವರ ‘ಡಿಸ್ಕೊ ಜಾಝ್’. ಬಂಗಾಳದ ಹುಡುಗಿ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಗೆ ಹೋಗಿದ್ದಾಗ, ಉಸ್ತಾದ್ ಅಲಿ ಅಕ್ಬರ್ ಖಾನರ ಮಕ್ಕಳಾದ ಆಶಿಷ್ ಖಾನ್ ಮತ್ತು ಪ್ರಾಣೇಶ್ ಖಾನ್ ಜೊತೆ ಸೇರಿ ಮಾಡಿದ ಆಲ್ಬಮ್. ಒಬ್ಬರದು ಸರೋದ್, ಇನ್ನೊಬ್ಬರದು ತಬಲಾ, ಜೊತೆಗೆ ಅಲ್ಲಿನವರ ಗಿಟಾರು. ಇರೋದು ನಾಲ್ಕೇ ಹಾಡು. ಕಲ್ಕತ್ತದ ಮೆಗಾಫೋನ್ ಕಂಪನಿ ಅದನ್ನ ಹೊರತಂದಿತು. ಅದೂ ಓಡಲಿಲ್ಲ. ರೂಪಾ ಮದುವೆಯಾಗಿ ಸಂಸಾರ ನಡೆಸಿದರು. ತಾನೊಂದು ಡಿಸ್ಕೊ ಆಲ್ಬಮ್ ಹಾಡಿದ್ದೆ ಅನ್ನೋದು ಮನೆಯೊಳಗಿನ ಹಳೇ ಮಾತಾಗಿ ಉಳೀತು.

ಇಂಥ ರೆಕಾರ್ಡುಗಳು ಇಷ್ಟೊಂದು ಅಪರೂಪ ಆಗಿದ್ದೇಕೆ? ಒಂದು, ಅಚ್ಚಾದದ್ದೇ ಕಮ್ಮಿ. ಎರಡು, ಹೊತ್ತು. 80ರ ದಶಕ ಶುರುವಾಗುವಾಗಲೇ ಗಲ್ಫ್‌ನಿಂದ ಬಂದವರ ಸೂಟ್‌ಕೇಸಿನಲ್ಲಿ ಟೇಪ್‌ರೆಕಾರ್ಡರ್ ಊರೂರಿಗೆ ತಲುಪಿತ್ತು. ಎಲ್‌ಪಿ ದುಬಾರಿ, ಕ್ಯಾಸೆಟ್ ಅಗ್ಗ. ಆ ಕಾಲದ ಕಳ್ಳರೂ ಕ್ಯಾಸೆಟ್ಟಿನ ಮೇಲೇ ಬಿದ್ದರು. ಕ್ಯಾಸೆಟ್ ನಕಲು ಮಾಡೋಕೆ ಎರಡು ಡೆಕ್ ಸಾಕು. ಎಲ್‌ಪಿ ಅಚ್ಚು ಹಾಕೋಕೆ ಕಾರ್ಖಾನೆಯೇ ಬೇಕು. ಹಾಗಾಗಿ 1982ರಲ್ಲಿ ಇಂಡಿಯಾದಲ್ಲಿ ಈ ಎಲ್‌ಪಿಗಳನ್ನ ಕದ್ದು ಅಚ್ಚು ಹಾಕೋದರಿಂದ ಯಾರಿಗೂ ಲಾಭ ಇರಲಿಲ್ಲ. ಇವತ್ತು ನಮ್ಮ ಕೈಗೆ ಬರುವ ಕಳ್ಳ ಎಲ್‌ಪಿಗಳು ಆಗಿನವಲ್ಲ. ಮೂವತ್ತು ವರ್ಷ ಕಳೆದು, ಬೆಲೆ ಏರಿದ ಮೇಲೆ ಅಚ್ಚಾದವು. ನಕಲಿ ಹಿಡಿಯುವ ಕೆಲಸ ಸುಲಭ ಆಗೋದು ಇದರಿಂದಲೇ. ಹೊಸ ಕಾಲದ ವಸ್ತು ಹಳೇ ವೇಷ ಹಾಕಿಕೊಂಡರೆ ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳಲೇಬೇಕು.

ಅಮೆರಿಕದ ಕಥೆ ಬೇರೆ. ಅಲ್ಲಿ ಡಿಸ್ಕೊ ಉತ್ತುಂಗದಲ್ಲಿದ್ದಾಗಲೇ ನಕಲಿಗಳು ಬಂದಿದ್ದವು. ‘ಸ್ಯಾಟರ್ಡೇ ನೈಟ್ ಫೀವರ್’ನ ಖೋಟಾ ಟೇಪುಗಳ ವಿಚಾರದಲ್ಲಿ ನ್ಯೂಯಾರ್ಕಿನ ದೊಡ್ಡದೊಂದು ರೆಕಾರ್ಡ್ ಅಂಗಡಿ ಸರಣಿಯ ಮೇಲೆಯೇ 1980ರಲ್ಲಿ ಕ್ರಿಮಿನಲ್ ಕೇಸು ಬಿತ್ತು. ಅಷ್ಟರಲ್ಲಿ ಗಾಳಿ ತಿರುಗಿತ್ತು. 1979ರ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಪೆಟ್ಟಿಗೆಗಟ್ಟಲೆ ಡಿಸ್ಕೊ ರೆಕಾರ್ಡುಗಳನ್ನ ಸ್ಫೋಟಿಸಿ, ಜನ ಮೈದಾನಕ್ಕೆ ನುಗ್ಗಿ, ಎರಡನೇ ಪಂದ್ಯವೇ ನಿಂತುಹೋಯಿತು. ಮಾರಾಟವಾಗದ ರೆಕಾರ್ಡುಗಳನ್ನ ಕಂಪನಿಗಳು ಕವರಿನ ಮೂಲೆ ಕತ್ತರಿಸಿ, ಇಲ್ಲವೇ ತೂತು ಕೊರೆದು ಚಿಲ್ಲರೆ ದುಡ್ಡಿಗೆ ಹೊರಹಾಕುತ್ತಿದ್ದವು. ವಾಪಸ್ ತಂದು ಪೂರ್ತಿ ದುಡ್ಡು ಕೇಳಬಾರದು ಅಂತ ಆ ಗುರುತು. ಆದ್ದರಿಂದ ಆ ಕಾಲದ ಅಮೆರಿಕನ್ ಡಿಸ್ಕೊ ರೆಕಾರ್ಡಿನ ಕವರಿನಲ್ಲಿ ಮೂಲೆ ಕತ್ತರಿಸಿದ್ದರೆ ಮುಖ ಸಿಂಡರಿಸಬೇಡಿ. ಅದು ಅಸಲಿ ಅನ್ನೋದಕ್ಕೆ ಒಂದು ಒಳ್ಳೆಯ ಸಾಕ್ಷಿ.

ಸರಿ, ಈಗ ಪರೀಕ್ಷೆ. ಭಾನುವಾರ ಬೆಳಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನ ಕಡೆ ಹೊರಟರೆ ನನ್ನ ಬ್ಯಾಗಿನಲ್ಲಿ ಇರೋದು ಎರಡೇ ಸಾಮಾನು: ಒಂದು ಚಿಕ್ಕ ಟಾರ್ಚು, ಒಂದು ಭೂತಗನ್ನಡಿ.

ಮೊದಲು ಕವರು. ಕಳ್ಳ ಕಾಪಿಯವನ ಹತ್ತಿರ ಮೂಲ ಚಿತ್ರ ಇರೋದಿಲ್ಲ, ಹಳೇ ಕವರನ್ನೇ ಸ್ಕ್ಯಾನ್ ಮಾಡಿರ್ತಾನೆ. ಅಚ್ಚಾದ ಚಿತ್ರವನ್ನ ಮತ್ತೆ ಅಚ್ಚು ಹಾಕಿದಾಗ ಚುಕ್ಕೆಗಳ ಮೇಲೆ ಚುಕ್ಕೆ ಕೂತು, ರೇಷ್ಮೆ ಸೀರೆಯ ಮೇಲಿನ ಅಲೆಯ ಹಾಗೆ ಗೆರೆ ಕಾಣುತ್ತೆ. ಸಣ್ಣ ಅಕ್ಷರಗಳ ಅಂಚು ಮಸುಕಾಗಿರುತ್ತೆ. ಒಂದು ಅಂಗಡಿಯಲ್ಲಿ ಹಿಂದಿ ಡಿಸ್ಕೊ ಎಲ್‌ಪಿಯೊಂದನ್ನ ‘ಒರಿಜಿನಲ್ ಸಾರ್, ಗ್ಯಾರಂಟಿ’ ಅಂತ ನನ್ನ ಕೈಗಿಟ್ಟರು. ಹಿಂಬದಿಯ ಮೂಲೆಯಲ್ಲಿ ಯಾರದೋ ಹಳೇ ಸಹಿ. ಬೆರಳಾಡಿಸಿದರೆ ಪೆನ್ನಿನ ಒತ್ತು ಒಂಚೂರೂ ಸಿಗಲಿಲ್ಲ. ಸಹಿಯೂ ಸ್ಕ್ಯಾನ್ ಆಗಿ ಕವರಿನ ಜೊತೆಗೇ ಅಚ್ಚಾಗಿತ್ತು! ಅಂಗಡಿಯವರಿಗೆ ಭೂತಗನ್ನಡಿ ಕೊಟ್ಟು ತೋರಿಸಿದೆ. ಪಾಪ, ಅವರೂ ಯಾರಿಂದಲೋ ನಂಬಿ ಕೊಂಡಿದ್ದವರೇ. ಅವರ ಮುಖ ನೋಡಿ ಮುಂದೆ ಚೌಕಾಸಿ ಮಾಡೋಕೂ ಮನಸ್ಸು ಬರಲಿಲ್ಲ.

ಆಮೇಲೆ ಪ್ಲೇಟು. ಹೊಸ ಕಳ್ಳ ಕಾಪಿಗಳು ಅನೇಕ ಸಲ ದಪ್ಪಗೆ, ಭಾರವಾಗಿರುತ್ತವೆ. ಈಗಿನ ಗಿರಾಕಿಗೆ ಭಾರ ಅಂದರೆ ಗುಣಮಟ್ಟ ಅನ್ನೋ ಭ್ರಮೆ. 80ರ ದಶಕದ ಪ್ಲೇಟುಗಳು ಸಾಮಾನ್ಯವಾಗಿ ಹಗುರ. ಇನ್ನು 1982ರ ಇಂಡಿಯನ್ ಕವರಿನ ಮೇಲೆ ಬಾರ್‌ಕೋಡ್ ಕಂಡರೆ ಬೇರೆ ಪುರಾವೆಯೇ ಬೇಡ, ಅದು ಆ ಕಾಲದ್ದಲ್ಲ.

ಎಲ್ಲಕ್ಕಿಂತ ಮುಖ್ಯ, ಪ್ಲೇಟಿನ ಹಣೆಬರಹ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನ ಕಾಗದದ ಸುತ್ತ ಒಂದು ಖಾಲಿ ಉಂಗುರ ಇರುತ್ತಲ್ಲ, ಅಲ್ಲಿ ಟಾರ್ಚನ್ನ ಓರೆಯಾಗಿ ಹಿಡಿದು ನೋಡಿ. ಪುಟ್ಟ ಅಕ್ಷರ, ಅಂಕಿ ಕಾಣುತ್ತವೆ. ಅಚ್ಚಿನ ಮೂಲ ತಯಾರಿಸುವಾಗ ಹಾಕಿದ ನಂಬರು ಅದು. ಕವರು ಬದಲಾಯಿಸಬಹುದು, ಲೇಬಲ್ ಅಂಟಿಸಬಹುದು, ಆದರೆ ಪ್ಲೇಟಿನ ಮೈಯಲ್ಲೇ ಇರುವ ಬರಹವನ್ನ ಅಳಿಸೋದು ಕಷ್ಟ. ಅಸಲಿಯಲ್ಲಿ ಯಂತ್ರದಿಂದ ಒತ್ತಿದ ಅಕ್ಷರವಿದ್ದು, ನಿಮ್ಮ ಕೈಲಿರುವುದರಲ್ಲಿ ಮೊಳೆಯಿಂದ ಗೀಚಿದ ಹಾಗಿದ್ದರೆ, ಇಲ್ಲವೇ ಬೇರೆಯದೇ ಸಂಖ್ಯೆ ಇದ್ದರೆ ಅನುಮಾನ ಪಡಿ. ಡಿಸ್ಕಾಗ್ಸ್‌ನಲ್ಲಿ ಅನೇಕ ಅಸಲಿ ಪ್ಲೇಟುಗಳ ಈ ನಂಬರನ್ನ ಸಂಗ್ರಾಹಕರು ಬರೆದಿಟ್ಟಿದ್ದಾರೆ. ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ಹೋಲಿಸಿ ನೋಡಬಹುದು.

ಕೊನೆಗೆ ಕಿವಿ. ಗೀರೇ ಇಲ್ಲದ ಹೊಳೆಯುವ ಹೊಸ ಪ್ಲೇಟು, ಆದರೂ ಹಾಡಿನ ನಡುವೆ ‘ಟಕ್ ಟಕ್’ ಅಂತ ಸದ್ದು ಬಂದರೆ ಆ ಗೀರು ಇರೋದು ಇನ್ಯಾವುದೋ ಪ್ಲೇಟಿನಲ್ಲಿ. ಅದರಿಂದ ಇದನ್ನ ಇಳಿಸಿಕೊಂಡಿದ್ದಾರೆ. ಆದರೆ ಇದೊಂದನ್ನೇ ನಂಬಬೇಡಿ. ಮೂಲ ಟೇಪು ಕಳೆದುಹೋದಾಗ ಒಪ್ಪಿಗೆ ಪಡೆದ ಮರುಮುದ್ರಣವನ್ನೂ ಪ್ಲೇಟಿನಿಂದಲೇ ಮಾಡಬೇಕಾಗುತ್ತೆ.

ಇಷ್ಟೆಲ್ಲ ಕೇಳಿ ನನ್ನ ಗೆಳೆಯರು ಒಂದು ಪ್ರಶ್ನೆ ಹಾಕ್ತಾರೆ. ಹಾಡು ಅದೇ ಅಲ್ವಾ? ಡಿಸ್ಕೊದವರೇನು ಹರಿಶ್ಚಂದ್ರರಾ? ನ್ಯಾಯವಾದ ಪ್ರಶ್ನೆ. 1982ರ ‘ಡಿಸ್ಕೊ ಡ್ಯಾನ್ಸರ್’ನಲ್ಲಿ ಬಪ್ಪಿ ಲಾಹಿರಿ ಯುರೋಪಿನ ಹಿಟ್‌ಗಳ ಧಾಟಿಯನ್ನ ಧಾರಾಳವಾಗಿ ಎತ್ತಿಕೊಂಡರು. ಅದೇ ಬಪ್ಪಿದಾ ಅವರ 1981ರ ಒಂದು ಹಾಡಿನ ತುಣುಕನ್ನ ಅಮೆರಿಕದ ಟ್ರುತ್ ಹರ್ಟ್ಸ್ ಅನ್ನೋ ಗಾಯಕಿಯ 2002ರ ಹಿಟ್‌ನಲ್ಲಿ ಹೇಳದೆ ಕೇಳದೆ ಬಳಸಿಕೊಂಡಾಗ ವಿಷಯ ಕೋರ್ಟಿಗೆ ಹೋಯಿತು. ಬಪ್ಪಿ ಲಾಹಿರಿ ಹೆಸರು ಹಾಕದೆ ಆ ಆಲ್ಬಮ್ ಮಾರುವಂತಿಲ್ಲ ಅಂತ ಲಾಸ್ ಏಂಜಲೀಸಿನ ಕೋರ್ಟು ಆದೇಶಿಸಿತು. ಎತ್ತಿಕೊಂಡವರಿಗೂ ತಮ್ಮ ಹೆಸರಿನ ಬೆಲೆ ಗೊತ್ತಿರುತ್ತೆ. ಧಾಟಿ ಕದ್ದವನಾದರೂ ಅದರ ಮೇಲೆ ತನ್ನದೊಂದಿಷ್ಟು ಕೆಲಸ ಮಾಡಿರ್ತಾನೆ. ಪ್ಲೇಟು ಕದ್ದವನು ಮಾಡೋದು ಅಚ್ಚಿನ ಆರ್ಡರು ಮಾತ್ರ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಕಳ್ಳ ಕಾಪಿಯವರು, ಯೂಟ್ಯೂಬಿಗೆ ಏರಿಸಿದವರು ಇಲ್ಲದಿದ್ದರೆ ಈ ಹಾಡುಗಳನ್ನ ಯಾರು ಕೇಳುತ್ತಿದ್ದರು? ‘ಡಿಸ್ಕೊ ಜಾಝ್’ ಮಟ್ಟಿಗೆ ಇದು ಅರ್ಧ ನಿಜ. ಯಾರೋ ಅಭಿಮಾನಿಗಳು ಇಂಟರ್‌ನೆಟ್ಟಿಗೆ ಹಾಕಿದ್ದರಿಂದಲೇ ರೂಪಾ ಅವರ ‘ಆಜ್ ಶನಿಬಾರ್’ ಲಕ್ಷಾಂತರ ಜನರಿಗೆ ತಲುಪಿತು. ಆದರೆ ಪೂರ್ತಿ ಕಥೆ ಕೇಳಿ. ಹಾಡು ಊರೆಲ್ಲ ಸುತ್ತುತ್ತಿದ್ದಾಗ, ಹಳೇ ಪ್ಲೇಟು ನೂರಾರು ಡಾಲರಿಗೆ ಕೈ ಬದಲಾಗುತ್ತಿದ್ದಾಗ, ಒಪ್ಪಿಗೆಯಿಲ್ಲದ ಮರುಮುದ್ರಣ ಅಂಗಡಿಗೆ ಬಂದಾಗ ರೂಪಾ ಬಂಗಾಳದಲ್ಲಿ ತಮ್ಮ ಮನೆಯಲ್ಲೇ ಇದ್ದರು. ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮಗ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳಿದ ಮೇಲೇ ಗೊತ್ತಾದದ್ದು. ಅವರ ಹೆಸರೇನೂ ಗುಟ್ಟಾಗಿರಲಿಲ್ಲ. ಕವರಿನ ಮೇಲೇ ಇತ್ತು, ಕಂಪನಿಯ ಹೆಸರೂ ಇತ್ತು. ಅಚ್ಚು ಹಾಕಿದವರು ಹುಡುಕಲಿಲ್ಲ, ಅಷ್ಟೇ. 2019ರಲ್ಲಿ ಶಿಕಾಗೊದ ನ್ಯೂಮೆರೊ ಗ್ರೂಪ್ ಅವರೊಂದಿಗೆ ಮಾತಾಡಿ ಆಲ್ಬಮ್ಮನ್ನ ಮತ್ತೆ ಹೊರತಂದಿತು. ಅಷ್ಟು ಹೊತ್ತಿಗೆ ಮೂವತ್ತೇಳು ವರ್ಷ ಕಳೆದಿತ್ತು.

ಇದರ ಪಕ್ಕದಲ್ಲಿ ಚರಣ್‌ಜಿತ್ ಸಿಂಗ್ ಅವರ ಕಥೆ ಇಟ್ಟು ನೋಡಿ. ಎಡೊ ಬೌಮನ್ ಅನ್ನೋ ಡಚ್ ಸಂಗ್ರಾಹಕ ದೆಹಲಿಯ ಅಂಗಡಿಯಲ್ಲಿ ಆ ಪ್ಲೇಟು ಕೊಂಡು, ಕೇಳಿ ದಂಗಾಗಿ, ಮುಂಬೈಗೆ ಹೋಗಿ ಚರಣ್‌ಜಿತ್ ಅವರನ್ನ ಹುಡುಕಿ ಬಾಗಿಲು ತಟ್ಟಿದರು. 2010ರಲ್ಲಿ ಮರುಮುದ್ರಣ ಬಂತು. ಎಪ್ಪತ್ತು ದಾಟಿದ ಕಲಾವಿದ ಅದೇ ಯಂತ್ರಗಳನ್ನಿಟ್ಟುಕೊಂಡು ಯುರೋಪಿನ ವೇದಿಕೆಗಳ ಮೇಲೆ ರಾಗ ನುಡಿಸಿದರು. ಕೇಳೋಕೆ ನಿಂತಿದ್ದವರು ಅವರ ಮೊಮ್ಮಕ್ಕಳ ವಯಸ್ಸಿನವರು. 2015ರಲ್ಲಿ ಅವರು ತೀರಿಕೊಂಡರು. ಆ ಬಾಗಿಲು ತಟ್ಟೋಕೆ ಇನ್ನೂ ಹೆಚ್ಚು ತಡವಾಗಿದ್ದರೆ ತೆರೆಯೋಕೆ ಅವರೇ ಇರುತ್ತಿರಲಿಲ್ಲ.

ನನ್ನ ಲೆಕ್ಕದಲ್ಲಿ ಮರುಮುದ್ರಣಕ್ಕೂ ಕಳ್ಳಮುದ್ರಣಕ್ಕೂ ಇರುವ ವ್ಯತ್ಯಾಸ ಸದ್ದಿನದ್ದಲ್ಲ. ಕೆಲವು ಕಳ್ಳ ಕಾಪಿಗಳು ಚೆನ್ನಾಗಿಯೇ ಕೇಳಿಸುತ್ತವೆ. ವ್ಯತ್ಯಾಸ ಇರೋದು ಯಾರಾದರೂ ಹೋಗಿ ಬಾಗಿಲು ತಟ್ಟಿದರಾ ಇಲ್ಲವಾ ಅನ್ನೋದರಲ್ಲಿ. ಕಾನೂನಿನ ಪ್ರಕಾರ ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. 1982ರ ರೆಕಾರ್ಡಿನ ಹಕ್ಕು 2042ರ ಕೊನೆಯವರೆಗೂ ಇರುತ್ತೆ. ಆದರೆ ಆ ಹಕ್ಕು ಹೆಚ್ಚಾಗಿ ಕಂಪನಿಯದ್ದು. ಹಾಡಿದವರಿಗೆ ಸಿಗಬೇಕಾದ ಮೊದಲ ಮರ್ಯಾದೆ, ‘ನಿಮ್ಮ ಹಾಡನ್ನ ಮತ್ತೆ ತರ್ತಿದ್ದೀವಿ’ ಅನ್ನೋ ಒಂದು ಮಾತು. ಅದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ.

ಹಾಗಾಗಿ ಮುಂದಿನ ಸಲ ಇಂದಿರಾನಗರದ ಕೆಫೆಯಲ್ಲೋ ಚಿಕ್ಕಪೇಟೆಯ ರಸ್ತೆ ಬದಿಯಲ್ಲೋ ಹೊಳೆಯುವ ಡಿಸ್ಕೊ ಎಲ್‌ಪಿ ಕೈಗೆ ಸಿಕ್ಕರೆ, ಹಾಡು ಹಾಕೋಕೆ ಮುಂಚೆ ಕವರಿನ ಹಿಂಬದಿ ಓದಿ. ಅಚ್ಚು ಹಾಕಿದವರ ಹೆಸರು, ವಿಳಾಸ, ಯಾರಿಂದ ಒಪ್ಪಿಗೆ ಪಡೆದದ್ದು ಅನ್ನೋ ಒಂದು ಸಾಲು ಇದೆಯಾ ನೋಡಿ. ಅಸಲಿ ಕೊಳ್ಳೋಕೆ ದುಡ್ಡಿಲ್ಲದಿದ್ದರೆ ಒಪ್ಪಿಗೆ ಪಡೆದ ಮರುಮುದ್ರಣ ಕೊಳ್ಳಿ. ನನ್ನ ಶೆಲ್ಫಿನಲ್ಲಿ ಇರುವ ‘ಡಿಸ್ಕೊ ಜಾಝ್’ ಕೂಡ ಅದೇ, 2019ರದ್ದು. ಸಂಗ್ರಾಹಕರ ಲೆಕ್ಕದಲ್ಲಿ ಅದಕ್ಕೆ ದೊಡ್ಡ ಬೆಲೆಯೇನಿಲ್ಲ. ಆದರೆ ಅದು ಅಚ್ಚಾಗುತ್ತಿರೋದು ಹಾಡಿದವರಿಗೆ ಗೊತ್ತಿತ್ತು.