ಆಲೂರ ವೆಂಕಟರಾಯರು: ಚೂರುಗಳಲ್ಲಿ ನಾಡನ್ನು ಕಂಡವರು

ಗದಗಿನ ಬಳಿಯ ಮಲ್ಲಸಮುದ್ರದಿಂದ ಲಕ್ಷ್ಮೇಶ್ವರಕ್ಕೆ ಹೊರಟವರಿಗೆ ಇಂದು ಯಾವ ಗಡಿಯೂ ಅಡ್ಡ ಬರುವುದಿಲ್ಲ. ಸ್ವಾತಂತ್ರ್ಯದ ಮೊದಲು ಹಾಗಿರಲಿಲ್ಲ. ಗದಗು ಮುಂಬಯಿ ಪ್ರಾಂತದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. ಮೂಡಲಿಗೆ ಕೊಪ್ಪಳದ ಕಡೆ ನಿಜಾಮರ ಆಳ್ವಿಕೆ. ಅದೇ ಎರೆ ಭೂಮಿ, ಅದೇ ಜೋಳದ ರೊಟ್ಟಿ, ಅದೇ ಮಾತು. ಕಂದಾಯ ಮಾತ್ರ ಬೇರೆ ಬೇರೆ ಖಜಾನೆಗೆ. ಈ ಚೂರುಗಳೆಲ್ಲ ಒಂದೇ ನಾಡು ಎಂಬ ಅರಿವನ್ನು ಜನರಲ್ಲಿ ಬಿತ್ತಿದವರಲ್ಲಿ ಆಲೂರ ವೆಂಕಟರಾಯರು (1880–1964) ಮೊದಲಿಗರು. 1905ರಲ್ಲಿ ಹಂಪಿಯ ಹಾಳು ಗುಡಿಗಳ ನಡುವೆ ನಿಂತಾಗ ಅವರೊಳಗೆ ಮೂಡಿದ ಕಳವಳವೇ 1917ರಲ್ಲಿ ‘ಕರ್ನಾಟಕ ಗತವೈಭವ’ ಎಂಬ ಗ್ರಂಥವಾಯಿತು.

ಕನ್ನಡಿಗರ ರಾಜ್ಯ ಹುಟ್ಟಿದ್ದು ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾದ ಫಜಲ್ ಅಲಿ ಆಯೋಗದ ವರದಿಯಿಂದ, 1956ರ ಪುನರ್ವಿಂಗಡಣಾ ಕಾಯ್ದೆಯಿಂದ ಎನ್ನುವವರಿದ್ದಾರೆ. ಕಾನೂನಿನ ಮಟ್ಟಿಗೆ ಅದು ನಿಜ. ಆದರೆ 1920ರ ನಾಗಪುರ ಅಧಿವೇಶನದಲ್ಲೇ ಕಾಂಗ್ರೆಸ್ ಭಾಷಾವಾರು ಪ್ರಾಂತಗಳನ್ನು ಒಪ್ಪಿತ್ತು; ಕರ್ನಾಟಕಕ್ಕೆ ಪ್ರತ್ಯೇಕ ಕಾಂಗ್ರೆಸ್ ಸಮಿತಿ ದೊರೆತಿತ್ತು. ಕಾಯ್ದೆ ಬಂದದ್ದು ಮೂವತ್ತಾರು ವರ್ಷಗಳ ಮೇಲೆ. ಜನರ ಮನಸ್ಸಿನಲ್ಲಿ ಇಲ್ಲದ ನಾಡನ್ನು ಯಾವ ಆಯೋಗವೂ ನಕಾಶೆಯಲ್ಲಿ ಬರೆಯಲಾರದು. ಆ ನಾಡನ್ನು ಆಲೂರರೊಬ್ಬರೇ ಕಟ್ಟಿದರೇ ಎಂಬ ಆಕ್ಷೇಪವೂ ನ್ಯಾಯವಾದುದೇ. ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರ ನಾಡಿನ ಹಾಡು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗದಿದ್ದರೆ, ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂಥವರು ಹೋರಾಟಕ್ಕಿಳಿಯದಿದ್ದರೆ, ಆಲೂರರ ಗ್ರಂಥ ಓದುಬಲ್ಲವರ ಕಪಾಟಿನಲ್ಲೇ ಉಳಿಯುತ್ತಿತ್ತೇನೋ. ಅವರ ಹಿರಿಮೆ ಇರುವುದೂ ಇಲ್ಲೇ: ಅಧಿಕಾರದ ಕುರ್ಚಿಗೆ ಹಂಬಲಿಸದೆ, ಇನ್ನೊಬ್ಬರು ಹಾಡಬಲ್ಲ, ಹೋರಾಡಬಲ್ಲ ಕನಸನ್ನು ಕೊಟ್ಟರು. ಒಂದಾದ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅವರು ತೀರಿಕೊಂಡ ಒಂಬತ್ತು ವರ್ಷಗಳ ನಂತರ.