ಸಿ ಭಾಷೆಯಲ್ಲಿ ನಾಮ ಸಂಘರ್ಷ

ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಮರ್ ತಾನು ಬರೆದ ಫಂಕ್ಷನ್‌ಗೆ ಅಥವಾ ಗ್ಲೋಬಲ್ ವೇರಿಯಬಲ್‌ಗೆ ಇಟ್ಟ ಹೆಸರು ಲೈಬ್ರರಿಯಲ್ಲಿ ಈಗಾಗಲೇ ಇದ್ದರೆ ಉಂಟಾಗುವ ತೊಡಕನ್ನು ನಾಮ ಸಂಘರ್ಷ ಎನ್ನಲಾಗುತ್ತದೆ. ಸಿ++ ಭಾಷೆಯ ನೇಮ್‌ಸ್ಪೇಸ್‌ನಂತಹ ವ್ಯವಸ್ಥೆಯಾಗಲಿ, ಒಂದೇ ಹೆಸರಿನ ಹಲವು ಫಂಕ್ಷನ್‌ಗಳಿಗೆ ಅವಕಾಶವಾಗಲಿ ಸಿ ಭಾಷೆಯಲ್ಲಿ ಇಲ್ಲದಿರುವುದು ಇದಕ್ಕೆ ಮೂಲ ಕಾರಣ.

ಗೆಟ್‌ಲೈನ್ ಪ್ರಕರಣ

ಬ್ರಯಾನ್ ಕರ್ನಿಹಾನ್ ಮತ್ತು ಡೆನ್ನಿಸ್ ರಿಚಿ ಅವರ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಗ್ರಂಥದ (1978, ಎರಡನೆಯ ಆವೃತ್ತಿ 1988) ಮೊದಲ ಅಧ್ಯಾಯದಲ್ಲಿ, ಅತ್ಯಂತ ಉದ್ದದ ಸಾಲನ್ನು ಹುಡುಕುವ ಪ್ರೋಗ್ರಾಂ ಒಂದಿದೆ. ಅದರಲ್ಲಿ ಸಾಲನ್ನು ಓದುವ ಫಂಕ್ಷನ್‌ನ ಹೆಸರು ಗೆಟ್‌ಲೈನ್. ಗ್ರಂಥ ಪ್ರಕಟವಾದಾಗ ಈ ಹೆಸರು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇರಲಿಲ್ಲ. ಇಂದಿಗೂ ಐಎಸ್ಒ ಸಿ ಮಾನಕದ ಭಾಗವಲ್ಲ. ಆದರೆ ಗ್ನೂ ಲೈಬ್ರರಿಯಲ್ಲಿ ವಿಸ್ತರಣೆಯಾಗಿದ್ದ ಇದೇ ಹೆಸರಿನ ಬೇರೊಂದು ಫಂಕ್ಷನ್ 2008ರ ಪಾಸಿಕ್ಸ್ ಮಾನಕಕ್ಕೆ ಸೇರಿ, ಎಸ್‌ಟಿಡಿಐಒ ಹೆಡರ್ ಕಡತದಲ್ಲಿ ಘೋಷಿತವಾಯಿತು. ಗ್ರಂಥದ ಫಂಕ್ಷನ್ ಎರಡು ಆರ್ಗ್ಯುಮೆಂಟ್‌ಗಳನ್ನು ಪಡೆದರೆ, ಪಾಸಿಕ್ಸ್‌ನದು ಮೂರನ್ನು ಪಡೆಯುತ್ತದೆ. ಹೀಗಾಗಿ ಗ್ರಂಥದಲ್ಲಿರುವುದನ್ನು ಅಕ್ಷರಶಃ ಬರೆದುಕೊಂಡ ವಿದ್ಯಾರ್ಥಿಗೂ ಲಿನಕ್ಸ್‌ನಲ್ಲಿ ಕಂಪೈಲರ್ ದೋಷ ಎದುರಾಗುತ್ತದೆ. ಫಂಕ್ಷನ್‌ನ ಹಿಂದೆ ಸ್ಟ್ಯಾಟಿಕ್ ಎಂದು ಸೇರಿಸಿದರೂ ಇದು ನೀಗುವುದಿಲ್ಲ, ಏಕೆಂದರೆ ಹೆಡರ್‌ನಲ್ಲಿರುವ ಘೋಷಣೆ ಹಾಗೆಯೇ ಉಳಿಯುತ್ತದೆ. ಹೆಸರು ಬದಲಿಸುವುದೇ ಸರಳ ಪರಿಹಾರ. ಜಿಸಿಸಿ ಕಂಪೈಲರ್‌ಗೆ ಕೇವಲ ಐಎಸ್ಒ ಮಾನಕವನ್ನು ಅನುಸರಿಸುವಂತೆ ಸೂಚಿಸಿದರೆ ಮೂಲ ಹೆಸರೇ ನಡೆಯುತ್ತದೆ.

ಕಾಯ್ದಿರಿಸಿದ ಹೆಸರುಗಳು

ಸ್ಟ್ಯಾಂಡರ್ಡ್ ಲೈಬ್ರರಿಯ ಫಂಕ್ಷನ್‌ಗಳ ಹೆಸರುಗಳನ್ನು, ಆಯಾ ಹೆಡರ್ ಸೇರಿಸದಿದ್ದರೂ, ಇತರ ಕಡತಗಳಿಗೂ ಕಾಣುವ ಹೆಸರುಗಳಾಗಿ ಮರುಬಳಸುವಂತಿಲ್ಲ. ಮುಂದಿನ ಸೇರ್ಪಡೆಗಳಿಗಾಗಿಯೂ ಕೆಲವು ಪೂರ್ವಪದಗಳನ್ನು ಮೀಸಲಿಡಲಾಗಿದೆ: ಎಸ್‌ಟಿಆರ್, ಎಂಇಎಂ, ಐಎಸ್, ಟಿಒ ಇವುಗಳ ಮುಂದೆ ಇಂಗ್ಲಿಷಿನ ಸಣ್ಣಕ್ಷರ ಬರುವ ಫಂಕ್ಷನ್ ಹೆಸರುಗಳು ಇದರಲ್ಲಿ ಸೇರುತ್ತವೆ. ಈ ಲೆಕ್ಕದಲ್ಲಿ 'ಟೋಟಲ್' ಎಂಬ ನಿರುಪದ್ರವಿ ಹೆಸರು ಕೂಡ ಮೀಸಲು ವ್ಯಾಪ್ತಿಗೆ ಬರುತ್ತದೆ! ಸಿ23 ಮಾನಕವು ಈ ನಿಯಮವನ್ನು ಸಡಿಲಿಸಿದೆ.

ಲಿಂಕರ್ ಹಂತ

ಕಂಪೈಲರ್ ತಡೆದ ಸಂಘರ್ಷಕ್ಕಿಂತ ಸದ್ದಿಲ್ಲದೆ ದಾಟಿಹೋದ ಸಂಘರ್ಷವೇ ಹೆಚ್ಚು ಅಪಾಯಕಾರಿ. ಸಂಬಂಧಿತ ಹೆಡರ್ ಇಲ್ಲದಿದ್ದಾಗ ಲಿಂಕರ್ ಸಾಮಾನ್ಯವಾಗಿ ಬಳಕೆದಾರನ ಫಂಕ್ಷನ್ನನ್ನೇ ಆಯ್ದುಕೊಳ್ಳುತ್ತದೆ. ಲೈಬ್ರರಿಯ ಇತರ ಭಾಗಗಳು ಅದೇ ಹೆಸರನ್ನು ಕರೆದರೆ, ಅವುಗಳಿಗೂ ಬಳಕೆದಾರನದೇ ಸಿಗಬಹುದು. 'ರೈಟ್' ಪಾಸಿಕ್ಸ್‌ಗೆ ಸೇರಿದ ಹೆಸರಾದ್ದರಿಂದ ಐಎಸ್ಒ ಸಿ ಪ್ರೋಗ್ರಾಂ ಅದನ್ನು ಬಳಸಲು ಸ್ವತಂತ್ರವಾಗಿದೆ. ಆಗ ಪ್ರಿಂಟ್ಎಫ್ ಕೆಡದಂತೆ, ಗ್ನೂ ಲೈಬ್ರರಿಯು ಒಳಗಿನ ಕೆಲಸಕ್ಕೆ ಅಡಿಗೆರೆಗಳಿಂದ ಆರಂಭವಾಗುವ ಬೇರೆ ಹೆಸರನ್ನು ಬಳಸಿ, 'ರೈಟ್' ಅನ್ನು ಅದರ ದುರ್ಬಲ ಪರ್ಯಾಯ ಹೆಸರಾಗಿ ಮಾತ್ರ ಒದಗಿಸುತ್ತದೆ.