ಕತೆ ಓದಿದರೆ ಪರಿಸರ ಕಾಳಜಿ ಹುಟ್ಟುತ್ತಾ? ಅಳೆದು ನೋಡಿದವರು ಏನಂತಾರೆ

ಪರಿಸರದ ಕತೆ, ಕಾದಂಬರಿಗಳು ಓದುಗರ ಮನಸ್ಸು ಬದಲಿಸುತ್ತವೆ ಅಂತ ನಾವೆಲ್ಲ ನಂಬಿದ್ದೇವೆ. ನಿಜವಾ? ಸರ್ವೆ, ಪ್ರಯೋಗಗಳ ಮೂಲಕ ಇದನ್ನು ಪರೀಕ್ಷಿಸುವ ಅಧ್ಯಯನ ಕ್ಷೇತ್ರದ ಹೆಸರು 'ಎಂಪಿರಿಕಲ್ ಇಕೋಕ್ರಿಟಿಸಿಸಂ'. ಇಂಜಿನಿಯರಿಂಗ್ ಓದಿ ಪತ್ರಕರ್ತನಾದ ನನಗೆ 'ಅಳೆದು ಹೇಳಿ' ಅನ್ನುವ ಇವರ ಹಟ ಇಷ್ಟ.

2018ರಲ್ಲಿ ಮ್ಯಾಥ್ಯೂ ಶ್ನೈಡರ್-ಮೇಯರ್ಸನ್, ಹವಾಮಾನ ಬದಲಾವಣೆ ಕುರಿತ 19 ಕೃತಿಗಳನ್ನು ಓದಿದ್ದ 161 ಅಮೆರಿಕನ್ನರ ಸರ್ವೆ ಪ್ರಕಟಿಸಿದರು. ಇಂಥ ಪುಸ್ತಕ ಓದುವವರಲ್ಲಿ ಕಾಳಜಿ ಮೊದಲೇ ಜಾಸ್ತಿ ಇತ್ತು. ಅನೇಕರನ್ನು ಕಾಡಿದ್ದು ಭಯ, ದುಃಖ, ಅಸಹಾಯಕತೆ. ಇದು ಜಾಸ್ತಿಯಾದರೆ ಜನ ಕೈಚೆಲ್ಲಿ ಕೂರುವ ಅಪಾಯವೂ ಇದೆ.

ಮುಂದಿನದ್ದು ಪಕ್ಕಾ ಪ್ರಯೋಗ. ಯೇಲ್‌ನ ಆಂಥನಿ ಲೈಸರೋವಿಟ್ಜ್ ಮೊದಲಾದವರ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ್ದು. ಕೆಲವರಿಗೆ ಹವಾಮಾನದ ಕತೆ, ಉಳಿದವರಿಗೆ ಅದಕ್ಕೆ ಸಂಬಂಧವೇ ಇಲ್ಲದ ಕತೆ ಕೊಟ್ಟರು. ಹವಾಮಾನದ ಕತೆ ಓದಿದವರ ಧೋರಣೆಯಲ್ಲಿ ಸಣ್ಣ, ಆದರೆ ಸ್ಪಷ್ಟ ಬದಲಾವಣೆ ಕಂಡಿತು. ಒಂದು ತಿಂಗಳ ನಂತರ ನೋಡಿದರೆ ಅದು ಹೆಚ್ಚುಕಡಿಮೆ ಕರಗಿತ್ತು. ಕೆಲವರು ಇದನ್ನು ಸೋಲು ಅಂತಾರೆ. ನನಗೆ ಹಾಗನ್ನಿಸಲ್ಲ, ಒಂದೇ ಒಂದು ಸಣ್ಣಕತೆಯಿಂದ ಇನ್ನೆಷ್ಟು ನಿರೀಕ್ಷಿಸೋದು?

ನನ್ನ ತಕರಾರು ಬೇರೆ. ಓದಿದವರೆಲ್ಲ ಅಮೆರಿಕದವರು. ಕನ್ನಡದಲ್ಲಿ ಪರಿಸರದ ಕಾದಂಬರಿ ಅಂದಕೂಡಲೇ ನೆನಪಾಗೋದು ಕಾರಂತರ 'ಬೆಟ್ಟದ ಜೀವ', ತೇಜಸ್ವಿಯವರ 'ಕರ್ವಾಲೋ', ಕಾಸರವಳ್ಳಿ ಸಿನಿಮಾ ಮಾಡಿದ ನಾ. ಡಿಸೋಜರ 'ದ್ವೀಪ'. ಎಲ್ಲ ಕಾಡು, ಮಳೆ, ಮುಳುಗಡೆಯ ಲೋಕ. ಆಳಂದ ತಾಲೂಕಿನ ಜಿಡಗಾದಲ್ಲಿ ಚಿಂತೆ ಇರೋದು ಮಳೆ ಕೈಕೊಡುವುದರ ಬಗ್ಗೆ, ತೊಗರಿಗೆ ಬರುವ ನೆಟೆ ರೋಗದ ಬಗ್ಗೆ. ಬರವನ್ನು ಪುಸ್ತಕದಲ್ಲಿ ನೋಡುವವನಿಗೂ ಹೊಲದಲ್ಲಿ ನೋಡುವವನಿಗೂ ಕತೆ ಒಂದೇ ಭಾವನೆ ಹುಟ್ಟಿಸುತ್ತಾ? ಅಲ್ಲಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿಬಿಟ್ಟರೆ ಇದು ತಿಳಿಯಲ್ಲ.

ಆ ಪ್ರಯೋಗದಲ್ಲಿ ಬಳಸಿದ ಒಂದು ಕತೆ ಪಾವೊಲೊ ಬಾಚಿಗಲುಪಿಯ 'ದಿ ಟ್ಯಾಮರಿಸ್ಕ್ ಹಂಟರ್'. ಭೀಕರ ಬರ. ನೀರು ಹೀರುವ ಗಿಡ ಕಿತ್ತರೆ ಸರ್ಕಾರ ಹಣ ಕೊಡುತ್ತೆ. ಕೀಳುವವನೇ ಕದ್ದುಮುಚ್ಚಿ ಹೊಸ ಗಿಡ ನೆಡುತ್ತಾನೆ. ಜಿಡಗಾದಲ್ಲಿ ಕಟ್ಟೆ ಮೇಲೆ ಕೂತಿದ್ದ ಕಾಕಾ ಒಬ್ಬರಿಗೆ ಇದನ್ನು ಹೇಳಿದೆ. ಭಯವೂ ಇಲ್ಲ, ದುಃಖವೂ ಇಲ್ಲ, ಜೋರಾಗಿ ನಕ್ಕರು. "ಶಾಣ್ಯಾ ಅದಾನ ನೋಡು. ಗಿಡ ಮುಗದ್ರ ಪಗಾರೂ ಮುಗೀತಲ್ಲ!"

ಆಮೇಲೆ ಕೇಳಿದರು: "ಅದಿರ್ಲಿ, ನೀರು ಯಾರ ಪಾಲಾತು?"

ಕ್ಯಾಲಿಫೋರ್ನಿಯಾದ ಪಾಲಾಯ್ತು ಅಂದೆ.